ಜೊಂಡುಮುನಿ ಮತ್ತು ಸಂತೋಷದ ರಜೆ

ರಜೆ ಚೀಟಿಯಲ್ಲಿ ನಿಜ ಬರೆದದ್ದೇ ತಪ್ಪಾಯಿತು.

ಆ ಲಾಂಡ್ರಿ ಶುರುವಾದಾಗಿನಿಂದ ಅಂಥ ತಪ್ಪನ್ನು ಯಾರೂ ಮಾಡಿರಲಿಲ್ಲ. ಆಸ್ಪತ್ರೆಗಳ ಹೊದಿಕೆ, ಹೋಟೆಲುಗಳ ಹಾಸು, ರೈಲಿನ ದಿಂಬುಗವಸು, ಊರಿನ ಬಿಳಿಯೆಲ್ಲ ಬಿಳಿಯಾಗುತ್ತಿದ್ದದ್ದು ಅಲ್ಲೇ. ಬಿಳಿ ಮಾಡುವವರಿಗೆ ಮಾತ್ರ ರಜೆ ಬೇಕೆಂದರೆ ಇದ್ದದ್ದು ಮೂರೇ ದಾರಿ: ಕಾಯಿಲೆ, ಮದುವೆ, ಸಾವು. ರಜೆ ಮೇಜಿನ ಮೇಲೆ ಮೂರೇ ಮೊಹರುಗಳಿದ್ದವು. ಆ ಮೇಜಿನ ಹಿಂದೆ ಕೂತ ಗುಮಾಸ್ತೆಯನ್ನು ಎಲ್ಲರೂ ರಜೆಯಮ್ಮ ಎನ್ನುತ್ತಿದ್ದರು. ಆಕೆ ಚೀಟಿಯನ್ನು ಒಮ್ಮೆ ಕನ್ನಡಕ ಹಾಕಿಕೊಂಡು ಓದಿದಳು, ಒಮ್ಮೆ ಕನ್ನಡಕ ತೆಗೆದು ಓದಿದಳು.

"ಏನಿದು ಉಗಿಯಣ್ಣ?"

"ರಜೆ ಚೀಟಿ, ರಜೆಯಮ್ಮ."

"ಅದು ಕಾಣ್ತಿದೆ. ಕಾರಣ ಅನ್ನೋ ಕಡೆ ಏನ್ ಗೀಚಿದೀರಿ?"

"'ಹಕ್ಕಿ ನೋಡಲು ಪರದೇಶಕ್ಕೆ.'"

"ಹಕ್ಕಿಗೆ ಹುಷಾರಿಲ್ವಾ?"

"ಚೆನ್ನಾಗಿದೆ."

"ಮತ್ತೆ ಮದುವೆನಾ?"

"ಯಾರದು?"

"ಹಕ್ಕೀದು ಕಣ್ರೀ! ಮೂರರಲ್ಲಿ ಒಂದು ಹೇಳಿ, ಕುಟ್ಟಿ ಕಳಿಸ್ತೀನಿ. ನಿಮಗೊಬ್ಬ ಸೋದರಮಾವ ಇದ್ದರಲ್ಲ?"

"ಅವನು ಆಗಲೇ ಎರಡು ಸಲ ಸತ್ತಾಗಿದೆ."

"ಅದಕ್ಕೇನಂತೆ? ಬಟ್ಟೆ ಮಡಿಸೋ ವಿಭಾಗದಲ್ಲಿ ಒಬ್ಬರ ಅಜ್ಜಿ ಪ್ರತಿ ಮಳೆಗಾಲ ತಪ್ಪದೆ ಸಾಯ್ತಾರೆ. ನಾನು ಒಂದು ದಿನ ಕೇಳಿದೀನಾ?"

ಕೇಳುತ್ತಿರಲಿಲ್ಲ, ನಿಜ. ಅದು ಅಲ್ಲಿನ ಪದ್ಧತಿ. ಸಾವಿನ ಮೊಹರು ಬಿದ್ದ ಮೇಲೆ ಆ ಸಾವನ್ನು ಯಾರೂ ಅನುಮಾನಿಸುವಂತಿರಲಿಲ್ಲ, ದುಃಖಿಸಲೇಬೇಕಿತ್ತು. ಆ ಇಡೀ ದಿನ ರಜೆ ಪಡೆದವರ ಎದುರು ಯಾರೂ ನಗುತ್ತಿರಲಿಲ್ಲ, ಸಂತೋಷದ ಸುದ್ದಿ ಎತ್ತುತ್ತಿರಲಿಲ್ಲ. ಇವತ್ತು ನಿನ್ನ ಸುಳ್ಳಿಗೆ ನಾನು ಅತ್ತರೆ ನಾಳೆ ನನ್ನ ಸುಳ್ಳಿಗೆ ನೀನು ಅಳುತ್ತೀಯೆ ಎಂಬುದು ಅದರ ಹಿಂದಿನ ಲೆಕ್ಕ. ಸೋದರಮಾವ ಎರಡನೇ ಸಲ ಸತ್ತಾಗ ಇಸ್ತ್ರಿ ವಿಭಾಗದ ಇಸ್ತ್ರಿಯಕ್ಕ ಮೊದಲ ಸಲಕ್ಕಿಂತ ಒಂದು ಗುಟುಕು ಹೆಚ್ಚೇ ಅತ್ತಿದ್ದಳು. ಸೋದರಮಾವನೋ, ಗುಂಡುಕಲ್ಲಿನ ಹಾಗೆ ಓಡಾಡಿಕೊಂಡಿದ್ದ.

"ಇಲ್ಲ ರಜೆಯಮ್ಮ," ಎಂದ ಉಗಿಯಣ್ಣ. "ಜನ್ಮದಲ್ಲಿ ಒಂದು ಸಲ ಖುಷಿಗೆ ಅಂತ ಹೊರಟಿದೀನಿ. ಒಂದು ಹೆಣ ಮುಂದಿಟ್ಟುಕೊಂಡು ಹೋದರೆ ಆ ಹಕ್ಕಿ ಮುಖ ತೋರಿಸುತ್ತಾ?"

ರಜೆಯಮ್ಮ ಚೀಟಿಯನ್ನು ಎರಡೇ ಬೆರಳಲ್ಲಿ ಎತ್ತಿ, ರೋಗ ಹತ್ತಿದ ಬಟ್ಟೆಯನ್ನು ಬೇರೆ ಬುಟ್ಟಿಗೆ ಹಾಕುವಂತೆ, ಮ್ಯಾನೇಜರರ ತಟ್ಟೆಗೆ ಹಾಕಿದಳು.

ಉಗಿಯಣ್ಣ ಬಾಯ್ಲರ್ ನೋಡಿಕೊಳ್ಳುವವನು. ಲಾಂಡ್ರಿಯ ಹಿಂದೆ ಅಗಲವಾದ ನದಿ, ಆಚೆ ದಡದಲ್ಲಿ ಜೊಂಡಿನ ಕಾಡು. ಆ ಜೊಂಡು ಬೇರೆ ದೇಶದ್ದು. ಬಾಯ್ಲರ್ ಮನೆಯ ಎತ್ತರದ ಕಿಟಕಿಗೆ ಸ್ಟೂಲು ಹಾಕಿ ನಿಂತರೆ ಪರದೇಶ ಕಾಣುತ್ತಿತ್ತು. ಹೋಗಬೇಕೆಂದರೆ ಮಾತ್ರ ಬಸ್ಸು ಹತ್ತಿ, ಎಲ್ಲೋ ಇದ್ದ ಸೇತುವೆಯವರೆಗೆ ಸುತ್ತಿ, ಗಡಿ ಠಾಣೆಯಲ್ಲಿ ಸಾಲು ನಿಂತು, ಮತ್ತೆ ಅಷ್ಟೇ ದೂರ ವಾಪಸು ಬರಬೇಕು. ಸಂಜೆ ಹೊರಟರೆ ಬೆಳಗಾಗುವ ಹೊತ್ತಿಗೆ, ಹೊರಟ ಜಾಗದ ಎದುರಿಗೇ ತಲುಪಬಹುದು. ಕೆಲಸದ ಐಡಿ ಕಾರ್ಡು ತೋರಿಸಿದವರಿಗೆ ಮೂರು ದಿನ ಇರಲು ಗಡಿಯವರು ಬಿಡುತ್ತಿದ್ದರು. ಮೂರು ದಿನ ಬಿಟ್ಟಿರಲು ಯಾರ ಕೆಲಸವೂ ಬಿಡುತ್ತಿರಲಿಲ್ಲವಾದ್ದರಿಂದ ಆ ಔದಾರ್ಯದಿಂದ ಎರಡೂ ಸರ್ಕಾರಗಳಿಗೆ ನಷ್ಟವೇನೂ ಆಗಿರಲಿಲ್ಲ.

ವರ್ಷಕ್ಕೊಮ್ಮೆ, ಈ ಕಾಲದಲ್ಲಿ, ಬೆಳಗಿನ ಯಂತ್ರಗಳು ಶುರುವಾಗುವ ಮುಂಚಿನ ಚೂರು ನಿಶ್ಶಬ್ದದಲ್ಲಿ ಆ ಜೊಂಡಿನೊಳಗಿಂದ ಒಂದು ಕೂಗು ಬರುತ್ತಿತ್ತು. ಖಾಲಿ ಕೊಡದ ಬಾಯಿಗೆ ತುಟಿಯಿಟ್ಟು ಊದಿದ ಹಾಗೆ. ಹೂಂ...ಬ್. ಪುಸ್ತಕದಲ್ಲಿ ಆ ಹಕ್ಕಿಗೆ ನಾಲಿಗೆ ತಿರುಗದ ಹೆಸರಿತ್ತು. ಉಗಿಯಣ್ಣ ತಾನೇ ಅದನ್ನು ಜೊಂಡುಮುನಿ ಎಂದು ಕರೆದಿದ್ದ. ಕೋಳಿ ಗಾತ್ರದ ಮೈ, ಒಣ ಜೊಂಡಿನ ಬಣ್ಣದ ಗೆರೆಗಳು. ಯಾರಾದರೂ ಬಂದರೆಂದರೆ ಕೊಕ್ಕನ್ನು ಆಕಾಶಕ್ಕೆ ನೆಟ್ಟು ನಿಂತುಬಿಡುತ್ತದೆ. ಗಾಳಿಗೆ ಜೊಂಡು ಓಲಾಡಿದರೆ ತಾನೂ ಓಲಾಡುತ್ತದೆ. ಮೂಗಿನ ಮುಂದೆ ಇದ್ದರೂ ಕಾಣುವುದಿಲ್ಲ. ಆಚೆ ದಡದ ದೋಣಿಯವನಿಗೆ ಉಗಿಯಣ್ಣ ಫೋನು ಮಾಡಿ ಮಾಡಿ ಸ್ನೇಹ ಬೆಳೆಸಿದ್ದ. "ಈ ವಾರ ಬಂದ್ರೆ ಉಂಟು," ಎಂದಿದ್ದ ದೋಣಿಯವ. "ಮುಂದಿನ ವಾರ ಜೊಂಡು ಕೊಯ್ತಾರೆ. ಕಾಯಂ ಕೊಯ್ಲು. ಅಲ್ಲೊಂದು ಕಟ್ಟಡ ಏಳುತ್ತಂತೆ."

ಅಂದರೆ ಈ ಸಲ ಇಲ್ಲ ಎಂದರೆ ಇನ್ನು ಯಾವತ್ತೂ ಇಲ್ಲ.

ಅದಕ್ಕೇ ಆ ದಿನ ಉಗಿಯಣ್ಣನ ಕಾಲು ನೆಲದ ಮೇಲಿರಲಿಲ್ಲ. ಸಂಜೆಯ ಬಸ್ಸಿಗೆ ಜಾಗ ಹಿಡಿದಿದ್ದ. ಹಳೆಯ ದುರ್ಬೀನನ್ನು ಒರೆಸಿ ಒರೆಸಿ ಅದರ ಬಣ್ಣವೇ ಹೋಗಿತ್ತು. ಹೆಂಡತಿ ಹರಿದ ಪರದೆಯೊಂದನ್ನು ಚಹಾ ನೀರಿನಲ್ಲಿ ಅದ್ದಿ, ಕಂದು ಗೆರೆ ಎಳೆದು, ಜೊಂಡಿನ ಬಣ್ಣದ ಅಂಗಿ ಹೊಲಿದುಕೊಟ್ಟಿದ್ದಳು. "ಹಕ್ಕಿ ನಿಮ್ಮನ್ನ ಜೊಂಡು ಅಂದುಕೊಳ್ಳುತ್ತೋ ಇಲ್ವೋ," ಎಂದಿದ್ದಳು, "ಬಸ್ಸಲ್ಲಿ ಯಾರಾದರೂ ಚಾಪೆ ಅಂದುಕೊಂಡು ಸುತ್ತಿಡದಿದ್ದರೆ ಸಾಕು." ರಾತ್ರಿ ಪಾಳಿಯ ಬಾಯ್ಲರಿನವನು ಬದಲಿಗೆ ನಿಲ್ಲಲು ಒಪ್ಪಿದ್ದ. ಅವನು ವಯಸ್ಸಿನಲ್ಲಿ ಉಗಿಯಣ್ಣನಿಗಿಂತ ದೊಡ್ಡವನು. ಕೆಲಸಕ್ಕೆ ತಡವಾಗಿ ಸೇರಿದ್ದರಿಂದ ಎಲ್ಲರ ಬಾಯಲ್ಲಿ ಚಿಕ್ಕ ಉಗಿ, ಅಂದರೆ ಚಿಕ್ಕುಗಿ.

ಉಳಿದದ್ದು ರಜೆ ಮಾತ್ರ.

ಲಾಂಡ್ರಿಯಲ್ಲಿ ಸುದ್ದಿ ಉಗಿಯ ಕೊಳವೆಯಲ್ಲೇ ಹರಿಯುತ್ತದೆ. ರಜೆ ಮೇಜಿನಿಂದ ಬಾಯ್ಲರ್ ಮನೆಗೆ ಉಗಿಯಣ್ಣ ನಡೆದು ಬರುವಷ್ಟರಲ್ಲಿ ಇಸ್ತ್ರಿಯಕ್ಕ ಅಲ್ಲಿ ಬಂದು ನಿಂತಿದ್ದಳು, ಕಣ್ಣಲ್ಲಿ ನೀರು, ಕೈಯಲ್ಲಿ ಬಿಸಿನೀರಿನ ಲೋಟ.

"ಕೂತ್ಕೊಳ್ಳಿ ಅಣ್ಣ. ನಿಂತ್ಕೋಬೇಡಿ. ಯಾವ ಭಾಗ?"

"ಯಾವ ಭಾಗ ಅಂದ್ರೆ?"

"ಆಪರೇಷನ್ನು! ಪರದೇಶಕ್ಕೆ ಅಂದ್ರೆ ಇಲ್ಲಿ ಕೈಬಿಟ್ಟಿದಾರೆ ಅಂತ ತಾನೇ? ನಾಲಿಗೆ ತೋರಿಸಿ."

"ಅಕ್ಕಾ, ನಾನು ಹಕ್ಕಿ ನೋಡೋಕೆ..."

"ಅಯ್ಯೋ, ತಲೇದಾ?" ಆಕೆ ಲೋಟವನ್ನು ತಾನೇ ಕುಡಿದುಬಿಟ್ಟಳು. "ನಮ್ಮ ಭಾವನೂ ಹಿಂಗೇ. ಮೊದಲು ಹಕ್ಕಿ ಅಂದರು, ಆಮೇಲೆ ಗೋಡೆ ಜೊತೆ ಮಾತಾಡಿದರು."

ಒಗೆಯುವ ವಿಭಾಗದವರ ರೋಗನಿರ್ಣಯ ಬೇರೆ ಇತ್ತು. ಆಚೆ ದೇಶದ ಲಾಂಡ್ರಿಯಲ್ಲಿ ಉಗಿಯಣ್ಣನಿಗೆ ಕೆಲಸ ಸಿಕ್ಕಿದೆ, ಬಾಯಿ ಬಿಡುತ್ತಿಲ್ಲ. ಒಬ್ಬ ಬಂದು ತನ್ನ ತಮ್ಮನನ್ನೂ ಕರೆದುಕೊಂಡು ಹೋಗು ಎಂದ. ಇನ್ನೊಬ್ಬ ಬಂದು, ಆ ತಮ್ಮ ಸರಿಯಿಲ್ಲ, ನನ್ನನ್ನು ಕರೆದುಕೊಂಡು ಹೋಗು ಎಂದ. ಯಾರಿಗೂ, ಒಬ್ಬರಿಗಾದರೂ, ಆ ಚೀಟಿಯಲ್ಲಿ ಬರೆದದ್ದು ಬರೆದದ್ದೇ ಇರಬಹುದು ಎಂದು ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ದುಡಿಯುವವನಿಗೆ ರೋಗ ಬರಬಹುದು, ದುಃಖ ಬರಬಹುದು, ಸಾಲಕ್ಕೆ ತಳ್ಳುವ ಮದುವೆಗಳು ಬರಬಹುದು. ಆಸೆ ಬಂದರೆ ಮಾತ್ರ ಜ್ವರ ನೋಡಬೇಕು ಎಂದು ಅವರಿಗೆ ಕಲಿಸಿಟ್ಟಿದ್ದರು. ಅವರು ಚೆನ್ನಾಗಿ ಕಲಿತಿದ್ದರು.

ಮಧ್ಯಾಹ್ನಕ್ಕೆ ಮ್ಯಾನೇಜರರಿಂದ ಕರೆ ಬಂತು. ಬದಲಿ ನಿಲ್ಲಲು ಬೇಗನೆ ಬಂದಿದ್ದ ಚಿಕ್ಕುಗಿಯನ್ನು ಬಾಯ್ಲರ್ ಪಕ್ಕ ಕೂರಿಸಿ ಉಗಿಯಣ್ಣ ಹೊರಟ.

ಮ್ಯಾನೇಜರರ ಮೇಜಿನ ಮೇಲೆ ಒಂದು ಮೈಕು ಇತ್ತು. ಇಡೀ ಲಾಂಡ್ರಿಗೆ ಕೇಳುವ ಹಾಗೆ ಬೈಯಲು ಇಟ್ಟದ್ದು. ಆಗಷ್ಟೇ ಇಸ್ತ್ರಿ ವಿಭಾಗದ ಮಾನ ಕಳೆದು ಮುಗಿಸಿದ್ದ ಅವರು ಉತ್ಸಾಹದಲ್ಲಿ ಅದರ ಗುಂಡಿ ಆರಿಸುವುದನ್ನು ಮರೆತಿದ್ದರು.

"ಎಷ್ಟು ಕೊಡ್ತಾರಂತೆ ಅಲ್ಲಿ?" ಎಂದು ಶುರುಮಾಡಿದರು.

"ಯಾರು ಸಾರ್?"

"ನಾಟಕ ಬೇಡ ಕಣಯ್ಯ. ಆಚೆ ಲಾಂಡ್ರಿಯವರು. ಹಕ್ಕಿಯಂತೆ ಹಕ್ಕಿ! ಬಾಯ್ಲರಿನವನಿಗೂ ಹಕ್ಕಿಗೂ ಏನಯ್ಯಾ ಸಂಬಂಧ? ಅಂಥ ಹಕ್ಕಿ ಇದೆ ಅನ್ನೋಕೆ ಸಾಕ್ಷಿ ಏನು?"

ಉಗಿಯಣ್ಣನಿಗೆ ಕೋಪ ಬರಬೇಕಿತ್ತು. ಬಂದದ್ದು ಹುರುಪು. ಅಷ್ಟು ವರ್ಷದಲ್ಲಿ ಜೊಂಡುಮುನಿಯ ಬಗ್ಗೆ ಅವನನ್ನು ಕೇಳಿದ ಮೊದಲ ಮನುಷ್ಯ ಈ ಮ್ಯಾನೇಜರರೇ!

"ಹೀಗಿರುತ್ತೆ ನೋಡಿ ಸಾರ್," ಎಂದವನೇ ಎರಡೂ ಕೈಯನ್ನು ಮೈಗಂಟಿಸಿ, ಮೂಗನ್ನು ಫ್ಯಾನಿನ ಕಡೆಗೆ ಎತ್ತಿ, ಕತ್ತು ಚಾಚಿ ನಿಂತ. ಮೈಮೇಲೆ ಜೊಂಡಿನ ಅಂಗಿ ಬೇರೆ. ಫ್ಯಾನು ಆ ಕಡೆ ತಿರುಗಿದಾಗ ಆ ಕಡೆ ಓಲಾಡಿದ, ಈ ಕಡೆ ತಿರುಗಿದಾಗ ಈ ಕಡೆ. ಮ್ಯಾನೇಜರರು ಕುರ್ಚಿಯನ್ನು ಸದ್ದಿಲ್ಲದೆ ಹಿಂದಕ್ಕೆ ಸರಿಸಿಕೊಂಡರು.

"ಕೂಗು ಹೆಂಗಿರುತ್ತೆ ಗೊತ್ತಾ ಸಾರ್?"

"ಬೇಡಪ್ಪಾ..."

ಉಗಿಯಣ್ಣ ಎದೆ ತುಂಬ ಉಸಿರೆಳೆದು ಬಿಟ್ಟ: ಹೂಂ...ಬ್! ಹೂಂ...ಬ್!

ಬಿಟ್ಟಿದ್ದು ಮೈಕಿನ ಮುಂದೆ. ಅಲ್ಲಿಯವರೆಗಿನ ಮಾತು ಯಂತ್ರಗಳ ಸದ್ದಿನಲ್ಲಿ ಮುಳುಗಿತ್ತು, ಇದು ಮುಳುಗಲಿಲ್ಲ.

ಇಲ್ಲೊಂದು ಹಳೆಯ ಕತೆ ಹೇಳಬೇಕು. ಈಗಿರುವ ಬಾಯ್ಲರಿಗೆ ಮುಂಚೆ ಒಂದಿತ್ತು. ನೋಡಿಕೊಳ್ಳುವವನು ಎದ್ದು ಹೋದ ಹೊತ್ತಲ್ಲಿ ಅದು ಸಿಡಿದು ಹಿಂದಿನ ಗೋಡೆಯನ್ನೇ ನದಿಗೆ ಎಸೆದಿತ್ತು. ಸಿಡಿಯುವ ಮುಂಚೆ ಅದು ನರಳಿದ್ದು ಹೇಗೆ ಎಂದು ಹಳಬರು ಹೊಸಬರಿಗೆ ಹೇಳಿಕೊಡುತ್ತಿದ್ದರು. ಆ ನರಳಿಕೆ, ಈ ಕೂಗು, ಒಂದೇ ತಾಯಿಯ ಮಕ್ಕಳು.

ಎಲ್ಲ ವಿಭಾಗದ ಧ್ವನಿವರ್ಧಕಗಳಲ್ಲಿ ಏಕಕಾಲಕ್ಕೆ ಜೊಂಡುಮುನಿ ಕೂಗಿತು. ಆಮೇಲೆ ಬಾಗಿಲುಗಳಿಂದ ಜನ ಹೊರಬಿದ್ದ ರೀತಿ, ತೂತು ಬಿದ್ದ ಚೀಲದಿಂದ ಸೋಪಿನ ಪುಡಿ ಸುರಿದಂತಿತ್ತು. ಒದ್ದೆ ಹಾಸು ಹೊದ್ದವರು, ಇಸ್ತ್ರಿಪೆಟ್ಟಿಗೆ ಹಿಡಿದವರು, ದಿಂಬುಗವಸನ್ನು ತಲೆಗೇರಿಸಿಕೊಂಡು ಕುರುಡಾಗಿ ಓಡಿದವರು. ರಜೆಯಮ್ಮ ಮೂರೂ ಮೊಹರುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು.

ಗೇಟಿನ ಹೊರಗೆ ಇಡೀ ಲಾಂಡ್ರಿ ಏದುಸಿರು ಬಿಡುತ್ತ ನಿಂತದ್ದನ್ನು ಕಾರ್ಮಿಕ ಸಂಘದ ಕಾರ್ಯದರ್ಶಿ ನೋಡಿದ. ಅವನನ್ನು ಎಲ್ಲರೂ ಧಿಕ್ಕಾರ ಎನ್ನುತ್ತಿದ್ದರು. ಅಷ್ಟು ಜನ ಒಟ್ಟಿಗೆ ಗೇಟಿನಾಚೆ ಬರಲಿ ಎಂದು ಅವನು ಎಷ್ಟು ಸಭೆ ಕರೆದಿದ್ದ, ಎಷ್ಟು ಸಲ ಬರೀ ಕುರ್ಚಿಗಳಿಗೆ ಭಾಷಣ ಮಾಡಿದ್ದ! ಕೈ ತಾನಾಗಿ ಮೇಲೆದ್ದಿತು.

"ಧಿಕ್ಕಾರ!"

"ಧಿಕ್ಕಾರ!" ಎಂದಿತು ಗುಂಪು, ರೂಢಿಯಿಂದ.

"ಯಾತಕ್ಕೆ?" ಎಂದು ಯಾರೋ ಕೇಳಿದರು.

"ಮೊದಲು ಕೂಗಿ. ಕಾರಣ ಎಲ್ಲಿಗೂ ಓಡಿಹೋಗಲ್ಲ."

ಅಷ್ಟರಲ್ಲಿ ಉಗಿಯಣ್ಣ ಓಡಿ ಬಂದ. "ಬಾಯ್ಲರಿಗೆ ಏನೂ ಆಗಿಲ್ಲ! ಚಿಕ್ಕುಗಿ ಅಲ್ಲೇ ಇದಾನೆ! ಕೂಗಿದ್ದು ನಾನು. ಹಕ್ಕಿ ಹೇಗೆ ಕೂಗುತ್ತೆ ಅಂತ ಮ್ಯಾನೇಜರಿಗೆ ತೋರಿಸ್ತಿದ್ದೆ."

ಮೇಲೆತ್ತಿದ್ದ ಕೈಗಳು ಇಳಿದವು.

"ಅಂದ್ರೆ," ಎಂದಳು ಇಸ್ತ್ರಿಯಕ್ಕ ಮೆಲ್ಲಗೆ, "ನಿಜವಾಗಲೂ ಹಕ್ಕಿನಾ?"

"ನಿಜವಾಗಲೂ."

"ಆಪರೇಷನ್ ಇಲ್ಲ?"

"ಇಲ್ಲ."

"ಸುಮ್ನೆ... ನೋಡೋಕೆ? ಖುಷಿಗೆ?"

"ಖುಷಿಗೆ, ಅಕ್ಕ."

ಇಸ್ತ್ರಿಯಕ್ಕ ಇಸ್ತ್ರಿಪೆಟ್ಟಿಗೆಯನ್ನು ನೆಲಕ್ಕಿಟ್ಟಳು. "ನನ್ನ ಮಗಳು ಈಜಿನಲ್ಲಿ ಗೆದ್ದಾಗ," ಎಂದಳು, "ನೋಡೋಕೆ ಹೋಗ್ಬೇಕು ಅಂತ ಕೇಳಿದೆ. ಅಂಥ ಮೊಹರು ಇಲ್ಲ ಅಂದರು. 'ಮಗಳಿಗೆ ಜ್ವರ' ಅಂತ ಬರೆದೆ. ಮಾರನೇ ದಿನ ಪೇಪರಲ್ಲಿ ಅವಳ ಫೋಟೋ ಬಂತು, ನನಗೆ ಮೆಮೊ ಬಂತು. ಮಗಳು ಗೆದ್ದಿದ್ದಕ್ಕೆ ಕ್ಷಮಾಪಣೆ ಬರೆದುಕೊಟ್ಟೆ ಕಣ್ರೀ ನಾನು."

ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಬಟ್ಟೆ ಮಡಿಸುವವನಿಗೆ ಸಮುದ್ರ ನೋಡಬೇಕಿತ್ತು, ಅದಕ್ಕಾಗಿ ಅವನ ಅಜ್ಜಿ ಮಳೆಗಾಲದಲ್ಲೆಲ್ಲ ಸಾಯುತ್ತಿದ್ದಳು. ಕಡೆಗೆ ರಜೆಯಮ್ಮನ ಕಡೆ ಎಲ್ಲರೂ ತಿರುಗಿದರು.

"ನಾನು ಒಂದು ದಿನವೂ ತಗೊಂಡಿಲ್ಲ," ಎಂದಳು ಆಕೆ. "ನನ್ನ ಚೀಟಿಗೆ ಮೊಹರು ಕುಟ್ಟೋಕೆ ನಾನೇ ಕೂತಿರಬೇಕು. ನಾನು ಕೂತಿದ್ದರೆ ರಜೆ ಎಲ್ಲಿಂದ ಬಂತು?"

ಅದನ್ನು ಕೇಳಿ ಧಿಕ್ಕಾರನ ಕೈ ಮತ್ತೆ ಮೇಲೆದ್ದಿತು. "ಬೇಕೇ ಬೇಕು!" ಎಂದು ಕೂಗಿದ.

"ಏನು ಬೇಕು?"

"ಸಂತೋಷದ ರಜೆ ಬೇಕು!"

ಆ ಕೂಗು ಮಾತ್ರ ಯಾರಿಗೂ ರೂಢಿಯಿಂದ ಬಂದದ್ದಾಗಿರಲಿಲ್ಲ. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಸಂಬಳಕ್ಕಾಗಿ ಕೂಗುವ ಜನ ಹೊಟ್ಟೆಯಿಂದ ಕೂಗುತ್ತಾರೆ, ಇವರು ಅದಕ್ಕಿಂತ ಒಳಗಿನ ಎಲ್ಲಿಂದಲೋ ಕೂಗುತ್ತಿದ್ದರು. ಒದ್ದೆ ಹಾಸುಗಳನ್ನು ಬಾವುಟದ ಹಾಗೆ ಬೀಸಿದರು. ಉಗಿಯಣ್ಣನನ್ನು ಎತ್ತಿ ಬಟ್ಟೆ ಸಾಗಿಸುವ ಗಾಡಿಯ ಮೇಲೆ ನಿಲ್ಲಿಸಿದರು. ಅವನಿಗೆ ಭಾಷಣ ಬರುತ್ತಿರಲಿಲ್ಲ. "ಹೂಂ...ಬ್!" ಎಂದ. ಇಡೀ ಬೀದಿ "ಹೂಂ...ಬ್!" ಎಂದಿತು. ಹೋಟೆಲುಗಳಿಂದ ಬಂದ ಲಾರಿಗಳು ಹಾಸಿಗಾಗಿ ಸಾಲಾಗಿ ನಿಂತು ಹಾರನ್ನು ಬಾರಿಸುತ್ತಿದ್ದವು. ಮ್ಯಾನೇಜರರು ಬೆವರೊರೆಸಿಕೊಂಡು ಮಾಲೀಕರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಎತ್ತಿ ಹಿಡಿದರು.

ಮಾಲೀಕರು ತಟ್ಟನೆ ಒಪ್ಪಿದರು.

ಮಾಲೀಕ ತಟ್ಟನೆ ಒಪ್ಪಿದನೆಂದರೆ ಆ ಒಪ್ಪಂದವನ್ನು ಒಗೆದ ಹಾಸಿನ ಹಾಗೆ ಬೆಳಕಿಗೆ ಹಿಡಿದು ನೋಡಬೇಕು. ಎಲ್ಲಾದರೂ ತೂತು ಇದ್ದೇ ಇರುತ್ತದೆ. ಆದರೆ ಗೆದ್ದವರಿಗೆ ಅಷ್ಟು ವ್ಯವಧಾನ ಎಲ್ಲಿ?

"ಸಂತೋಷಕ್ಕೆ ನಾನು ಯಾವತ್ತಾದರೂ ಅಡ್ಡ ಬಂದಿದೀನಾ?" ಎಂದಿತು ಫೋನು. "ನಾಲ್ಕನೇ ಮೊಹರು ಮಾಡಿಸಿ. ವರ್ಷಕ್ಕೆ ಮೂರು ದಿನ. ಆದರೆ ಒಬ್ಬೊಬ್ಬರು ಒಂದೊಂದು ದಿನ ಸಂತೋಷಪಟ್ಟರೆ ಯಂತ್ರ ಓಡೋದು ಹೆಂಗೆ? ಎಲ್ಲರೂ ಒಟ್ಟಿಗೇ ತಗೊಳ್ಳಿ. ಇವತ್ತು ಸಂಜೆಯಿಂದಲೇ."

ಯಂತ್ರಗಳ ರಿಪೇರಿಗೆ ಮೂರು ದಿನ ಹೇಗೂ ಮುಚ್ಚಬೇಕಿತ್ತು ಎಂದು ಮ್ಯಾನೇಜರರ ಮುಖ ಹೇಳುತ್ತಿತ್ತು. ಓದಲು ಯಾರಿಗೂ ಪುರುಸೊತ್ತಿರಲಿಲ್ಲ. ಜನ ಕುಣಿಯುತ್ತಿದ್ದರು. ಉಗಿಯಣ್ಣ ಎಲ್ಲರಿಗಿಂತ ಹೆಚ್ಚು ಕುಣಿದ. ಕುಣಿದು ಸುಸ್ತಾದ ಮೇಲೆ ಒಂದು ಪ್ರಶ್ನೆ ಎದ್ದಿತು. ಎತ್ತಿದವಳು ಇಸ್ತ್ರಿಯಕ್ಕ.

"ಅಲ್ಲಾ, ಮೂರು ದಿನ ಸಂತೋಷ ಅಂದ್ರೆ... ಏನ್ ಮಾಡ್ಬೇಕು?"

ಯಾರಿಗೂ ಗೊತ್ತಿರಲಿಲ್ಲ. ಅಭ್ಯಾಸವಿಲ್ಲದ ಕೆಲಸ. ಅಲ್ಲಿದ್ದವರಲ್ಲಿ ಸಂತೋಷದ ಯೋಜನೆ ಅಂತ ಸಿದ್ಧವಿದ್ದದ್ದು ಒಬ್ಬನ ಹತ್ತಿರ ಮಾತ್ರ.

"ಹಕ್ಕಿ ನೋಡೋಣ!" ಎಂದ ಧಿಕ್ಕಾರ. "ನಮ್ಮ ಭಾವನ ಬಸ್ಸಿದೆ. ಎಲ್ಲರ ಹತ್ತಿರ ಐಡಿ ಕಾರ್ಡಿದೆ!"

ಉಗಿಯಣ್ಣನಿಗೆ ಗೊತ್ತಿತ್ತು, ಜೊಂಡುಮುನಿಗೆ ಗದ್ದಲ ಆಗುವುದಿಲ್ಲ. ಆದರೂ ಹೋಗಲಿ, ಎಲ್ಲರೂ ನೋಡಲಿ ಎಂದು ಮನಸ್ಸನ್ನು ದೊಡ್ಡದು ಮಾಡಿಕೊಂಡ. ದೊಡ್ಡ ಮನಸ್ಸು ಮಾಡಿದ ಬಡವನಿಗೆ ಯಾವತ್ತೂ ಒಂದು ಬಿಲ್ಲು ಹಿಂದೆಯೇ ಬರುತ್ತದೆ. ಅದನ್ನು ತಂದವರು ಮ್ಯಾನೇಜರರು.

"ಬಾಯ್ಲರಿಗೆ ಯಾರು?"

ಬಾಯ್ಲರನ್ನು ಆರಿಸುವಂತಿರಲಿಲ್ಲ. ತಣ್ಣಗಾದರೆ ಹಳೇ ಕೊಳವೆಗಳು ಬಿರಿಯುತ್ತವೆ. ಸಣ್ಣ ಉರಿಯಲ್ಲಿ ಇಡಲೇಬೇಕು, ಉರಿ ಇರುವಷ್ಟು ಹೊತ್ತು ಪರೀಕ್ಷೆ ಪಾಸಾದ ಬಾಯ್ಲರಿನವನೊಬ್ಬ ಪಕ್ಕದಲ್ಲಿರಲೇಬೇಕು. ಹಳೆಯದು ಸಿಡಿದ ಮೇಲೆ ಅಲ್ಲೊಂದು ಎಚ್ಚರಗಂಟೆ ಹಾಕಿದ್ದರು. ಆಗಾಗ ಅದು ಕಿಣಿಕಿಣಿ ಎನ್ನುತ್ತದೆ. ಪಕ್ಕದ ಗುಂಡಿ ಒತ್ತಿದರೆ ಸುಮ್ಮನಾಗುತ್ತದೆ. ಒತ್ತದಿದ್ದರೆ ಊರಿಗೇ ಕೇಳುವ ಸೈರನ್ನು. ಅಂಥ ಬಾಯ್ಲರಿನವರು ಇಬ್ಬರೇ: ಉಗಿಯಣ್ಣ, ಚಿಕ್ಕುಗಿ.

"ಚಿಕ್ಕುಗಿ ಇದಾನಲ್ಲ," ಎಂದ ಉಗಿಯಣ್ಣ. "ಬದಲಿಗೆ ನಿಲ್ತೀನಿ ಅಂತ ಮಾತು ಕೊಟ್ಟಿದಾನೆ."

ಬಾಯ್ಲರ್ ಮನೆಯ ಬಾಗಿಲಲ್ಲೇ ನಿಂತಿದ್ದ ಚಿಕ್ಕುಗಿ ಕೈ ಮುಗಿದ. "ಅಣ್ಣಾ, ನಿನಗೆ ಕಾಯಿಲೆ ಬರಲಿ, ನಿಲ್ತೀನಿ. ನಿನ್ನ ಮನೇಲಿ ಸಾವಾಗಲಿ, ಊಟ ಬಿಟ್ಟು ನಿಲ್ತೀನಿ. ಕಷ್ಟಕ್ಕೆ ಬದಲಿ ಅನ್ನೋದು ನಮ್ಮ ಧರ್ಮ. ಆದರೆ ಇದು ಸಂತೋಷ. ನಿನಗೆ ಬಂದ ಹಾಗೆ ನನಗೂ ಬಂದಿದೆ. ಸಂತೋಷಕ್ಕೆ ಯಾವನಾದರೂ ಬದಲಿ ನಿಲ್ತಾನಾ?"

ಎಲ್ಲರೂ ಧಿಕ್ಕಾರನ ಕಡೆ ನೋಡಿದರು. ಧಿಕ್ಕಾರ ನ್ಯಾಯವಂತ. ಉಗಿಯಣ್ಣನ ಹೆಗಲ ಮೇಲೆ ಕೈಯಿಟ್ಟು ಪಕ್ಕಕ್ಕೆ ಕರೆದ, ಆದರೆ ಎಲ್ಲರಿಗೂ ಕೇಳುವ ಹಾಗೆಯೇ ಮಾತಾಡಿದ.

"ನೀನು ಈ ಹೋರಾಟದ ಮುಂದಾಳು. ಮೊದಲ ಫಲ ನೀನೇ ತಿಂದರೆ ನಾಳೆ ಜನ ಏನಂತಾರೆ? ತನ್ನ ಹಕ್ಕಿಗೋಸ್ಕರ ನಮ್ಮನ್ನೆಲ್ಲ ಬೀದಿಗೆ ತಂದ ಅಂತಾರೆ. ಅನ್ನಿಸ್ಕೋತೀಯಾ?"

"ಆದರೆ ಮುಂದಿನ ವಾರ ಜೊಂಡು ಕೊಯ್ತಾರೆ..."

"ತ್ಯಾಗ!" ಎಂದು ಧಿಕ್ಕಾರ ಗುಂಪಿನ ಕಡೆ ತಿರುಗಿ ಕೂಗಿದ. "ಉಗಿಯಣ್ಣನ ತ್ಯಾಗಕ್ಕೆ..."

"ಜಯವಾಗಲಿ!"

ಇನ್ನೂ ಮಾಡದ ತ್ಯಾಗಕ್ಕೆ ಜಯಕಾರ ಬಿದ್ದ ಮೇಲೆ ಮಾಡದೆ ಇರುವುದು ಹೇಗೆ? ಇಸ್ತ್ರಿಯಕ್ಕನ ಕಣ್ಣಲ್ಲಿ ಮತ್ತೆ ನೀರು, ಈ ಸಲ ಹೆಮ್ಮೆಯದು.

ಸಂಜೆ ಉಗಿಯಣ್ಣನ ಹೆಂಡತಿ ಪ್ರಯಾಣದ ಚೀಲ ಹಿಡಿದು ಗೇಟಿಗೆ ಬಂದಾಗ ಬಸ್ಸು ತುಂಬಿತ್ತು. ಗಂಡ ಮಾತ್ರ ಬಸ್ಸಿನ ಕೆಳಗೆ ನಿಂತಿದ್ದ, ಬನಿಯನ್ನಿನಲ್ಲಿ. ಜೊಂಡಿನ ಅಂಗಿ ಕಿಟಕಿ ಪಕ್ಕದ ಚಿಕ್ಕುಗಿಯ ಮೈಮೇಲಿತ್ತು, ಗುಂಡಿಗಳು ಹೊಟ್ಟೆಯ ಮೇಲೆ ಪ್ರಾಣ ಬಿಗಿಹಿಡಿದಿದ್ದವು.

"ಅದು ಇವರ ಅಳತೆಗೆ ಹೊಲಿದಿದ್ದು ಕಣ್ರೀ," ಎಂದಳು ಹೆಂಡತಿ.

"ಉಸಿರು ಬಿಡದೆ ಇರ್ತೀನಿ ಅತ್ತಿಗೆ," ಎಂದ ಚಿಕ್ಕುಗಿ. "ಆ ದುರ್ಬೀನೂ ಕೊಟ್ಟುಬಿಡಿ."

ಇಸ್ತ್ರಿಯಕ್ಕ ಕಿಟಕಿಯಿಂದ ಕೈ ಬೀಸಿದಳು. "ಕೊರಗಬೇಡಿ ಅಣ್ಣ! ನೋಡಿದ ತಕ್ಷಣ ಫೋನ್ ಮಾಡಿ ಒಂದೊಂದು ಪುಕ್ಕ ಬಿಡದೆ ವರ್ಣಿಸ್ತೀನಿ!"

"ಗಲಾಟೆ ಮಾಡ್ಬೇಡಿ ಅಕ್ಕ. ಅದಕ್ಕೆ ನಾಚಿಕೆ ಜಾಸ್ತಿ."

"ಹೂಂ...ಬ್!" ಎಂದು ಇಡೀ ಬಸ್ಸು ಒಕ್ಕೊರಲಿನಿಂದ ಆಶ್ವಾಸನೆ ಕೊಟ್ಟು ಹೊರಟಿತು.

ಮ್ಯಾನೇಜರರು ಗೇಟಿಗೆ ಬೀಗ ಹಾಕಿಕೊಂಡು ಮನೆಗೆ ಹೋದರು. ಉಗಿಯಣ್ಣ ಬಾಯ್ಲರ್ ಪಕ್ಕ ಹಾಕಿದ ಬೆಂಚಿನ ಮೇಲೆ, ಗಂಟೆ ಕಿಣಿಕಿಣಿ ಎಂದಾಗಲೆಲ್ಲ ಗುಂಡಿ ಒತ್ತುತ್ತ, ಚೂರುಚೂರು ನಿದ್ದೆ ಮಾಡಿದ.

ಬೆಳಕು ಹರಿಯುವಾಗ ಎಚ್ಚರವಾಯಿತು. ಏನೋ ವಿಚಿತ್ರವೆನಿಸಿತು. ಆಮೇಲೆ ಹೊಳೆಯಿತು: ಸದ್ದಿಲ್ಲ. ಒಗೆಯುವ ಡ್ರಮ್ಮುಗಳಿಲ್ಲ, ಲಾರಿಗಳಿಲ್ಲ, ಮೈಕಿಲ್ಲ. ಆ ಲಾಂಡ್ರಿಯಲ್ಲಿ ಅಷ್ಟು ದೊಡ್ಡ ನಿಶ್ಶಬ್ದವನ್ನು ಯಾರೂ ಕೇಳಿರಲಿಲ್ಲ. ಉಗಿಯಣ್ಣ ಸುಮ್ಮನೆ, ತನ್ನ ಸಮಾಧಾನಕ್ಕೆ, ಮೆಲ್ಲಗೆ ಕೂಗಿದ.

ಹೂಂ...ಬ್.

ಹೂಂ...ಬ್, ಎಂದಿತು ಗೋಡೆ.

ಉಗಿಯಣ್ಣ ಬೆಂಚಿನಿಂದ ನೆಗೆದೆದ್ದ. ಕೂಗು ನದಿಯಾಚೆಯಿಂದ ಬಂದದ್ದಲ್ಲ. ನದಿಯ ಈಚೆ, ಗೋಡೆಯ ಹಿಂದಿನಿಂದ, ಲಾಂಡ್ರಿಯ ನೀರು ಹರಿದು ನಿಂತ ಗುಂಡಿಯಲ್ಲಿ ಯಾರ ಹಂಗೂ ಇಲ್ಲದೆ ಬೆಳೆದಿದ್ದ ನಮ್ಮ ದೇಶದ ಜೊಂಡಿನೊಳಗಿಂದ! ಸ್ಟೂಲು ಹತ್ತಿ ನೋಡಿದ. ಕಾಂಪೌಂಡಿನ ಗೋಡೆ ಅಡ್ಡ. ಜೊಂಡಿನ ತುದಿಗಳಷ್ಟೇ ಕಂಡವು. ಗಾಳಿಯಿರಲಿಲ್ಲ. ಒಂದು ತುದಿ ಮಾತ್ರ ಓಲಾಡುತ್ತಿತ್ತು.

ಬಾಯ್ಲರ್ ಮನೆಗೆ ಇದ್ದ ಒಂದೇ ಬಾಗಿಲು ಅಂಗಳದ ಕಡೆಗಿತ್ತು. ಹಿಂದಕ್ಕೆ ಹೋಗಬೇಕೆಂದರೆ ಬೀಗ ಹಾಕಿದ ಗೇಟನ್ನು ಹತ್ತಿ ಇಳಿದು, ಇಡೀ ಕಾಂಪೌಂಡನ್ನು ಸುತ್ತಬೇಕು. ಅಷ್ಟರಲ್ಲಿ ಗಂಟೆ ಹೊಡೆಯುತ್ತದೆ, ಒತ್ತುವವರಿಲ್ಲದಿದ್ದರೆ ಸೈರನ್ನು ಅರಚುತ್ತದೆ, ಜೊಂಡುಮುನಿ ಹಾರಿಹೋಗುತ್ತದೆ. ಬಾಗಿಲವರೆಗೆ ಓಡಿದ. ಕಿಣಿಕಿಣಿ. ವಾಪಸು ಓಡಿ ಒತ್ತಿದ. ಮತ್ತೆ ಓಡಿದ. ಹೂಂ...ಬ್, ಎಂದಿತು ಜೊಂಡು, ಕರೆಯುವಂತೆ. ರಜೆಯಮ್ಮನಿಗೆ ಫೋನು ಹಚ್ಚಿದ.

"ರಜೆಯಮ್ಮಾ, ನನಗೆ ಅರ್ಧ ಗಂಟೆ ರಜೆ ಬೇಕು! ಮ್ಯಾನೇಜರನ್ನ ಯಾರಾದರೂ ಎಬ್ಬಿಸಿ, ಗೇಟು ತೆಗೆಸಿ, ಬಂದು ಈ ಗುಂಡಿ ಒತ್ತಲಿ!"

"ಕಾರಣ?" ಆಚೆ ದಡದಲ್ಲಿ, ಬಸ್ಸಿನ ಸೀಟಿನಲ್ಲಿ, ನಿದ್ದೆಗಣ್ಣಲ್ಲೂ ಆಕೆ ರಜೆಯಮ್ಮನೇ.

"ಸಂತೋಷ!"

"ಅಯ್ಯೋ, ಅದು ಈ ವರ್ಷದ್ದು ಮುಗೀತಲ್ಲ ಉಗಿಯಣ್ಣ. ಸಾಮೂಹಿಕ ತಾನೇ? ನೀವೂ ಎಲ್ಲರ ಜೊತೆ ಈಗ ತಗೊಳ್ತಾ ಇದೀರಿ. ಬೇರೆ ಏನಾದರೂ ಇದ್ರೆ ಹೇಳಿ."

ಉಗಿಯಣ್ಣ ಕಣ್ಣು ಮುಚ್ಚಿದ. ಬೆಳಗಿನಿಂದ ಬೆಳಗಿನವರೆಗೆ ಕಾಪಾಡಿಕೊಂಡು ಬಂದಿದ್ದ ಒಂದು ನಿಜ ಅವನ ಗಂಟಲಲ್ಲೇ ಇಂಗಿತು.

"ಸಾವು," ಎಂದ.

"ಯಾರು?"

"ಸೋದರಮಾವ."

"ಮತ್ತೇನಾ!" ಆಮೇಲೆ ಧ್ವನಿ ಮೆತ್ತಗಾಯಿತು. "ಛೆ. ಒಳ್ಳೆ ಮನುಷ್ಯ. ಮೊಹರು ನನ್ನ ಸೆರಗಲ್ಲೇ ಇದೆ, ಈಗಲೇ ಕುಟ್ತೀನಿ. ಮ್ಯಾನೇಜರಿಗೂ ಹೇಳ್ತೀನಿ. ಆದರೆ ಅವರು ಬಾಯ್ಲರ್ ಮುಟ್ಟೋ ಹಾಗಿಲ್ವಲ್ಲ. ಸಾವು ಅಂದ್ರೆ ಚಿಕ್ಕುಗಿ ಬರಲೇಬೇಕು. ಹೊರಡಿಸ್ತೀನಿ, ಸೇತುವೆ ಸುತ್ತಿ ರಾತ್ರಿಯೊಳಗೆ ಬಂದುಬಿಡ್ತಾರೆ. ಧೈರ್ಯ ತಗೊಳ್ಳಿ."

ಆಗ ಜೊಂಡು ಬಿರಿದ ಸದ್ದಾಯಿತು. ಬಟ್ಟೆ ಕೊಡವಿದಂಥ ದೊಡ್ಡ ರೆಕ್ಕೆಯ ಸದ್ದು. ಉಗಿಯಣ್ಣ ಫೋನೆಸೆದು ಸ್ಟೂಲಿಗೆ ಹಾರಿದ. ಅದೇ ಕ್ಷಣಕ್ಕೆ, ಅವನು ಗಂಟೆಗೂ ಬಾಗಿಲಿಗೂ ಓಡಾಡುತ್ತ ಒತ್ತಡದ ಮುಳ್ಳು ನೋಡುವುದನ್ನು ಮರೆತಿದ್ದರಿಂದ, ಬಾಯ್ಲರಿನ ಸೇಫ್ಟಿ ವಾಲ್ವು ಬುಸ್ಸೆಂದು ತೆರೆದುಕೊಂಡಿತು. ಕಿಟಕಿಯ ತುಂಬ ಬಿಳಿ ಉಗಿ. ಅದರಾಚೆ ರೆಕ್ಕೆಯ ಸದ್ದು ತಲೆಯ ಮೇಲೇ ದಾಟಿ, ಯಾವ ಐಡಿ ಕಾರ್ಡೂ ತೋರಿಸದೆ, ನದಿಯ ಮೇಲೆ ಸಾಗಿತು. ಉಗಿ ಕರಗಿದಾಗ ಉಳಿದದ್ದು ಖಾಲಿ ಆಕಾಶ, ಆಚೆ ದಡದಿಂದ ತೇಲಿ ಬಂದ ಒಂದು ಬಸ್ಸಿನಷ್ಟು ಜನರ ಹರ್ಷೋದ್ಗಾರ.

ಕಿಣಿಕಿಣಿ. ಹೋಗಿ ಒತ್ತಿದ.

ಫೋನು ಬಡಿದುಕೊಂಡಿತು. ಇಸ್ತ್ರಿಯಕ್ಕ.

"ಅಣ್ಣಾ! ಬಂತು! ನಿಮ್ಮ ಕಡೆಯಿಂದಲೇ ಹಾರಿ ಬಂತು ಕಣ್ರೀ, ಬಂದು ನಮ್ಮ ಚಿಕ್ಕುಗಿ ಪಕ್ಕದಲ್ಲೇ, ಅಂಗಿ ನೋಡಿ ಜೊಂಡು ಅಂದುಕೊಂಡು, ಮೊಳ ದೂರದಲ್ಲಿ ನಿಂತಿದೆ! ಅಯ್ಯೋ ಅದರ ಕಣ್ಣು ನೋಡ್ಬೇಕು ಅಣ್ಣ, ಅದರ ಕತ್ತಿನ ಮೇಲೆ..."

"ಹೇಳಿ ಅಕ್ಕ! ಕತ್ತಿನ ಮೇಲೆ? ಕತ್ತಿನ ಮೇಲೆ ಏನಿದೆ?"

ಆ ಕಡೆ ರಜೆಯಮ್ಮನ ಪಿಸುಮಾತು ಕೇಳಿಸಿತು. ಇಸ್ತ್ರಿಯಕ್ಕನ ಧ್ವನಿ ಒಮ್ಮೆಲೇ ಇಳಿಯಿತು.

"ಕ್ಷಮಿಸಿ ಅಣ್ಣ. ನಿಮ್ಮ ಸೋದರಮಾವ ಹೋದರಂತೆ, ಈಗ ಗೊತ್ತಾಯ್ತು." ಆಕೆ ಮೂಗು ಸೀಟಿದಳು. "ಇಂಥ ಹೊತ್ತಲ್ಲಿ ನಿಮ್ಮ ಮುಂದೆ ಹಕ್ಕಿ ಮಾತಾಡಿದ್ನಲ್ಲ, ನನ್ನ ನಾಲಿಗೆ ಸೇದಿಹೋಗ. ಇನ್ನು ಯಾರೂ ಬಾಯಿ ಬಿಡಲ್ಲ, ಎಲ್ಲರಿಗೂ ಹೇಳಿದೀನಿ."

ಆಮೇಲೆ, ಸತ್ತವರ ಮರ್ಯಾದೆಗೆ, ಮೆಲ್ಲಗೆ ಫೋನು ಇಟ್ಟಳು.